ಕ್ರಯಪತ್ರವೂ ಮುದ್ರಾಂಕ ಶುಲ್ಕವೂ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯು ರಾಗಿಯ ಹೊಲಗಳಿಗೂ ಹಿಪ್ಪುನೇರಳೆ ತೋಟಗಳಿಗೂ ನೆಲೆಯಾದ ಪ್ರದೇಶ. ಇಲ್ಲಿನ ರೈತನಿಗೆ ಭೂಮಿಯೇ ಅನ್ನ, ಭೂಮಿಯೇ ಮಾನ. ಇಂತಹ ಭೂಮಿಯು ಒಬ್ಬರಿಂದ ಇನ್ನೊಬ್ಬರ ಒಡೆತನಕ್ಕೆ ಹೋಗುವುದು ಬಾಯಿಮಾತಿನಿಂದಲ್ಲ. ಹಣವನ್ನು ಎಣಿಸಿಕೊಟ್ಟ ಮಾತ್ರಕ್ಕೂ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೂ ಮಿಗಿಲಾದ ಬೆಲೆಯ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ಪತ್ರದ ಮೂಲಕವೇ ನಡೆಯತಕ್ಕದ್ದು.

ಈ ಕಾರ್ಯಕ್ಕಾಗಿ ಕೊಳ್ಳುವವನು ಸರ್ಕಾರಕ್ಕೆ ಸಲ್ಲಿಸುವ ಹಣದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಮುದ್ರಾಂಕ ಶುಲ್ಕ. ಇದು ಪತ್ರದ ಮೇಲೆ ವಿಧಿಸುವ ತೆರಿಗೆ. 1624ರಲ್ಲಿ ಹಾಲೆಂಡಿನಲ್ಲಿಯೂ 1694ರಲ್ಲಿ ಇಂಗ್ಲೆಂಡಿನಲ್ಲಿಯೂ ಜಾರಿಗೆ ಬಂದ ಈ ಪದ್ಧತಿಯು ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ನೆಲೆಯೂರಿತು. ನಮ್ಮ ರಾಜ್ಯದಲ್ಲಿ ಇದಕ್ಕೆ ಆಧಾರ 1957ರ ಕರ್ನಾಟಕ ಮುದ್ರಾಂಕ ಕಾಯಿದೆ. ಎರಡನೆಯದು ನೋಂದಣಿ ಶುಲ್ಕ. ಪತ್ರವನ್ನು ಪರಿಶೀಲಿಸಿ, ಸರ್ಕಾರದ ದಾಖಲೆಯಲ್ಲಿ ಸೇರಿಸಿ ಕಾಪಾಡುವುದಕ್ಕೆ ಸಲ್ಲುವ ಹಣವಿದು.

ಸಾದಲಿಯ ರೈತನೊಬ್ಬನು ಹತ್ತು ಲಕ್ಷ ರೂಪಾಯಿಗೆ ಹೊಲವೊಂದನ್ನು ಕೊಂಡನೆಂದು ಇಟ್ಟುಕೊಳ್ಳಬಹುದು. ಶೇಕಡ 5ರಂತೆ ಮುದ್ರಾಂಕ ಶುಲ್ಕವು 50,000 ರೂಪಾಯಿ. ಆ ಶುಲ್ಕದ ಮೇಲೆ ಶೇಕಡ 10ರ ಉಪಕರ 5,000. ಗ್ರಾಮಾಂತರ ಪ್ರದೇಶದಲ್ಲಿ ಶೇಕಡ 3ರ ಅಧಿಭಾರ 1,500. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡ 1ರ ಬದಲು 2 ಆಗಿರುವುದರಿಂದ 20,000. ಹೀಗೆ ಒಟ್ಟು 76,500 ರೂಪಾಯಿ ಆಗುತ್ತದೆ. ಸರ್ಕಾರವು ಗೊತ್ತುಪಡಿಸಿದ ಮಾರ್ಗಸೂಚಿ ಬೆಲೆಯು ಕೊಂಡ ಬೆಲೆಗಿಂತ ಹೆಚ್ಚಾಗಿದ್ದರೆ ಲೆಕ್ಕವು ಆ ಬೆಲೆಯ ಮೇಲೆ ನಡೆಯುತ್ತದೆ.

ಇಷ್ಟು ಹಣವು ಬಡ ರೈತನಿಗೆ ಹೊರೆಯೇ ಸರಿ. ಆದುದರಿಂದಲೇ ಕೆಲವರು ಬಿಳಿಯ ಹಾಳೆಯ ಕರಾರಿನಲ್ಲಿ ತೃಪ್ತರಾಗುತ್ತಾರೆ. ಮಾರಿದವನು ತೀರಿಕೊಂಡು ಅವನ ಮಕ್ಕಳು ಹೊಲ ತಮ್ಮದೆಂದು ನಿಂತಾಗ, ಅಥವಾ ಅದೇ ಹೊಲವು ನೋಂದಾಯಿತ ಪತ್ರದ ಮೂಲಕ ಮತ್ತೊಬ್ಬನಿಗೆ ಮಾರಾಟವಾದಾಗ, ಅಂತಹ ಹಾಳೆಯು ಒಡೆತನವನ್ನು ಸ್ಥಾಪಿಸಲಾರದು. ಅಧಿಕಾರಪತ್ರ ಬರೆಸಿಕೊಂಡ ಮಾತ್ರಕ್ಕೆ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ.

ಮತ್ತೆ ಕೆಲವರು ಶುಲ್ಕವನ್ನು ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆಯನ್ನು ಬರೆಸುತ್ತಾರೆ. ಇದು ತಪ್ಪು ಮಾತ್ರವಲ್ಲ, ಊರಿಗೇ ನಷ್ಟ. 2013ರ ಭೂಸ್ವಾಧೀನ ಕಾಯಿದೆಯಂತೆ ಪರಿಹಾರವನ್ನು ನಿರ್ಧರಿಸುವಾಗ ಸುತ್ತಮುತ್ತಲಿನ ಕ್ರಯಪತ್ರಗಳ ಬೆಲೆಯನ್ನೂ ಗಮನಿಸಲಾಗುತ್ತದೆ. ಒಬ್ಬನು ಉಳಿಸಿದ ಕಾಸು ನೆರೆಯವನ ಪರಿಹಾರವನ್ನು ಕುಗ್ಗಿಸಬಹುದು.

ಕ್ರಯಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ಉಪನೋಂದಣಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ಶುಲ್ಕವನ್ನು ಈಗ ‘ಕಾವೇರಿ’ ಗಣಕ ವ್ಯವಸ್ಥೆಯ ಮೂಲಕ ಪಾವತಿ ಮಾಡಬಹುದು. ಕೊಳ್ಳುವ ಮೊದಲು ಋಣಭಾರ ಪತ್ರವನ್ನು ಪಡೆದು, ಭೂಮಿಯ ಮೇಲೆ ಸಾಲವಿದೆಯೇ ಎಂದು ನೋಡುವುದು ವಿವೇಕ. ನೋಂದಣಿಯ ಬಳಿಕ ಪಹಣಿಯಲ್ಲಿ ಹೊಸ ಒಡೆಯನ ಹೆಸರು ಸೇರಿತೇ ಎಂಬುದನ್ನೂ ವಿಚಾರಿಸಬೇಕು.

ಬೆವರು ಸುರಿಸಿ ಗಳಿಸಿದ ಹಣದಿಂದ ಕೊಂಡ ನೆಲವು ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಅದಕ್ಕೆ ಬೇಲಿ ಬೇಕು. ಕಲ್ಲುಮುಳ್ಳಿನ ಬೇಲಿ ಹೊಲದ ಅಂಚನ್ನು ಕಾಯುತ್ತದೆ. ನೋಂದಾಯಿತ ಕ್ರಯಪತ್ರವು ಹೊಲದ ಒಡೆತನವನ್ನು ಕಾಯುತ್ತದೆ.