ಜಗಲಿ ಇಲ್ಲದ ಊರಿನಲ್ಲಿ ಒಂದು ರಾತ್ರಿ

ಪಾವಗಡದಿಂದ ಬೆಂಗಳೂರಿಗೆ ಹೊರಟವನಿಗೆ ಆ ಕಾಲದಲ್ಲಿ ದಾರಿಯ ಚಿಂತೆ ಇತ್ತೇ ಹೊರತು ರಾತ್ರಿಯ ಚಿಂತೆ ಇರಲಿಲ್ಲ. ಎತ್ತಿನ ಗಾಡಿ ಮಧುಗಿರಿಯ ಬೆಟ್ಟ ದಾಟಿ ಕೊರಟಗೆರೆ ಹತ್ತಿರವಾಗುವಾಗ ಕತ್ತಲಾದರೆ ಯಾರದೋ ಮನೆಯ ಜಗಲಿ ಸಿಗುತ್ತಿತ್ತು. ಜಗಲಿ ಸಿಗದಿದ್ದರೆ ಗುಡಿಯ ಹಜಾರ, ಅದೂ ಇಲ್ಲದಿದ್ದರೆ ಊರಾಚೆಯ ಗುಂಡುತೋಪು. ಶಿರಾದ ಕಡೆಯಿಂದ ಬರುವವರದೂ ಇದೇ ಲೆಕ್ಕ. 1687ರಲ್ಲಿ ಮೊಗಲರು ಅದನ್ನು ತಮ್ಮ ಪ್ರಾಂತ್ಯದ ರಾಜಧಾನಿ ಮಾಡಿಕೊಂಡ ಮೇಲೆ ಆ ಊರು ದಾರಿಹೋಕರನ್ನು ನೋಡುತ್ತಲೇ ಬೆಳೆದಿತ್ತು. ಹೆಗಲ ಮೇಲಿನ ಕಂಬಳಿ ಹಾಸಿದರೆ ಹಾಸಿಗೆಯಾಗುತ್ತಿತ್ತು, ಹೊದ್ದರೆ ಹೊದಿಕೆಯಾಗುತ್ತಿತ್ತು. ಬುತ್ತಿ ಬಿಚ್ಚಿ ಕೂತವನಿಗೆ ಮನೆಯವರು ಒಂದು ಚೆಂಬು ಮಜ್ಜಿಗೆ ತಂದಿಡುತ್ತಿದ್ದರು. ಜಾತಿ ಕೇಳಿಯೇ ಜಗಲಿ ಹತ್ತಿಸುತ್ತಿದ್ದರು, ಅದೂ ನಿಜ. ಆದರೆ ಬಾಡಿಗೆ ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅದಕ್ಕೆ ಕೆಲವೇ ವರ್ಷ ಹಿಂದೆ, 1876ರಿಂದ 78ರವರೆಗೆ, ಇದೇ ಸೀಮೆ ಭೀಕರ ಬರ ಕಂಡಿತ್ತು. ಧಾನ್ಯವನ್ನು ಹಸಿದವರ ಬಳಿಗೆ ಬೇಗ ಒಯ್ಯಬೇಕಾದರೆ ಹಳಿ ಬೇಕು ಎಂಬ ಪಾಠವನ್ನು ಬರ ಕಲಿಸಿತ್ತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕನ್ನೂ ಹಳಿ ಮುಟ್ಟಲಿಲ್ಲ. ಆದರೂ ಅಲ್ಲಿನ ಜನ ತುಮಕೂರಿಗೆ ಗಾಡಿಯಲ್ಲಿ ಬಂದು ರೈಲು ಹತ್ತತೊಡಗಿದರು. ದಿನಗಟ್ಟಲೆಯ ದಾರಿ ಗಂಟೆಗಳಿಗೆ ಇಳಿಯಿತು. ಕೋರ್ಟಿನ ವ್ಯಾಜ್ಯ, ಆಸ್ಪತ್ರೆ, ಪೇಟೆಯ ವ್ಯಾಪಾರ, ಮಗನ ಓದು, ಎಲ್ಲಕ್ಕೂ ಬೆಂಗಳೂರೇ ಆಯಿತು.

ಸಂಜೆ ನಿಲ್ದಾಣದಲ್ಲಿ ಇಳಿದಾಗ ಹೊಸ ತೊಡಕು ಎದುರಾಯಿತು. ಊರು ದೊಡ್ಡದು, ಮನೆಗಳು ನೂರಾರು, ಆದರೆ ಗುರುತಿಲ್ಲದವನಿಗೆ ಯಾವ ಮನೆಗೂ ಜಗಲಿ ಇರಲಿಲ್ಲ. ಕೈಯಲ್ಲಿದ್ದ ನಾಲ್ಕು ಕಾಸು ಕೋರ್ಟಿಗೋ ಔಷಧಕ್ಕೋ ಮೀಸಲು. ಹಾಗಾಗಿ ಗಂಟನ್ನೇ ದಿಂಬು ಮಾಡಿಕೊಂಡು ನಿಲ್ದಾಣದ ಕಲ್ಲುಹಾಸಿನ ಮೇಲೆ ಒರಗಬೇಕಾಯಿತು. ರೈಲು ದೂರವನ್ನು ಕೊಂದಿತ್ತು, ಜೊತೆಗೆ ದಾರಿಯ ಜಗಲಿಗಳನ್ನೂ ಕಸಿದುಕೊಂಡಿತ್ತು.

ಈ ತೊಡಕಿಗೆ ಉತ್ತರ ಹುಡುಕಿದವರು ಗುಬ್ಬಿಯ ತೋಟದಪ್ಪನವರು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿದ ಅವರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ಕೂತರು. ಅಂಗಡಿ ಕೈಹಿಡಿಯಿತು, ಆಸ್ತಿ ಬೆಳೆಯಿತು. ಮಕ್ಕಳಾಗಲಿಲ್ಲ. ವಯಸ್ಸು ಅರವತ್ತರ ಹತ್ತಿರ ಬಂದಾಗ, ಗಳಿಸಿದ್ದನ್ನೆಲ್ಲ ಊರಿಗೆ ಬಿಟ್ಟುಕೊಡುವ ತೀರ್ಮಾನಕ್ಕೆ ಬಂದರು.

ಹಣವಂತರು ಛತ್ರ ಕಟ್ಟಿಸುವುದು ಹೊಸದೇನಲ್ಲ. ಆದರೆ ಅವು ಏಳುತ್ತಿದ್ದದ್ದು ಪುಣ್ಯಕ್ಷೇತ್ರದಲ್ಲಿ, ಹೊಳೆಯ ದಡದಲ್ಲಿ, ಇಲ್ಲವೇ ಕಟ್ಟಿಸಿದವರ ಹುಟ್ಟೂರಿನಲ್ಲಿ. ತೋಟದಪ್ಪನವರ ಕಣ್ಣು ಬಿದ್ದದ್ದು ಬೇರೆಯೇ ಕಡೆಗೆ. 1897ರಲ್ಲಿ ಅವರು ರೈಲ್ವೆಯವರಿಂದಲೇ ನಿಲ್ದಾಣದ ಎದುರಿನ ಜಾಗ ಕೊಂಡರು. ಹತ್ತಿರದಲ್ಲೇ ಧರ್ಮಾಂಬುಧಿ ಕೆರೆ. ಹಿಂದಿನ ವರ್ಷವಷ್ಟೇ ಹೆಸರಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಹರಿದು ಬಂದಿತ್ತು. ಯಾತ್ರಿಕ ಎಲ್ಲಿ ದೇವರನ್ನು ಕಾಣುತ್ತಾನೆ ಎಂದು ನೋಡದೆ, ಎಲ್ಲಿ ದಿಕ್ಕು ತೋಚದೆ ನಿಲ್ಲುತ್ತಾನೆ ಎಂದು ನೋಡಿ ಹಿಡಿದ ಜಾಗ ಅದು.

ಜಾಗವೇನೋ ಸಿಕ್ಕಿತು, ಕಾಲ ಕೈಕೊಟ್ಟಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ನುಗ್ಗಿತು, ಅದೂ ರೈಲಿನ ದಾರಿಯಲ್ಲೇ. ಪೇಟೆಯ ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳಿಗೆ ಜೀವ ಬಂದದ್ದು ಆಗಲೇ. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ತಡೆದು ನಿಲ್ಲಿಸಿ ಜ್ವರ ಇದೆಯೇ, ಗಡ್ಡೆ ಎದ್ದಿದೆಯೇ ಎಂದು ನೋಡುತ್ತಿದ್ದರು. ರೈಲಿನಿಂದ ಇಳಿದವನೆಂದರೆ ರೋಗ ಹೊತ್ತು ತಂದವನು ಎಂಬ ಹೆದರಿಕೆ ಮನೆಮನೆಯಲ್ಲಿ ಕೂತಿತ್ತು. ರೈಲಿನಿಂದ ಇಳಿದವರಿಗೆಂದೇ ಛತ್ರ ಕಟ್ಟಬೇಕೆಂದಿದ್ದವರಿಗೆ ಇದಕ್ಕಿಂತ ಕೆಟ್ಟ ಗಳಿಗೆ ಬರುವಂತಿರಲಿಲ್ಲ. ಪ್ಲೇಗ್ ಒಂದು ವರ್ಷ ಅಡಗಿ ಮತ್ತೊಂದು ವರ್ಷ ಹೆಡೆ ಎತ್ತಿತು. ತೋಟದಪ್ಪನವರ ಹಟ ಮಾತ್ರ ಸಡಿಲಲಿಲ್ಲ. 1903ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬಂದು ಧರ್ಮಛತ್ರದ ಬಾಗಿಲು ತೆರೆದರು. ಅರಸರು ಅಧಿಕಾರ ವಹಿಸಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ಛತ್ರ ತೆರೆದದ್ದು ಪ್ರಯಾಣಿಕರಿಗೆ. ಅದರ ಜೊತೆಗೇ ವಿದ್ಯಾರ್ಥಿ ನಿಲಯವೂ ಬೆಳೆಯಿತು. ಹಳ್ಳಿಗಳಿಂದ ಓದಲು ಬಂದ ವೀರಶೈವ ಹುಡುಗರಿಗೆ ಅಲ್ಲಿ ಊಟ, ವಸತಿ ಸಿಕ್ಕಿತು. ತೋಟದಪ್ಪನವರಿಗೆ ಅರಮನೆಯಿಂದ ‘ಧರ್ಮಪ್ರವರ್ತ’, ಬ್ರಿಟಿಷರಿಂದ ‘ರಾವ್ ಬಹದ್ದೂರ್’ ಬಿರುದುಗಳು ಬಂದವು. ಛತ್ರದ ಹೊಣೆಯನ್ನು ಕೆ.ಪಿ. ಪುಟ್ಟಣ್ಣಚೆಟ್ಟಿಯವರು ಮುನ್ನಡೆಸಿದ ಟ್ರಸ್ಟಿಗೆ ಒಪ್ಪಿಸಿದ ಅವರು 1910ರಲ್ಲಿ ತೀರಿಕೊಂಡರು. ಪುಟ್ಟಣ್ಣಚೆಟ್ಟಿಯವರ ಹೆಸರನ್ನೇ ಇಂದು ಬೆಂಗಳೂರಿನ ಪುರಭವನ ಹೊತ್ತಿದೆ.

ಆದರೆ ಛತ್ರ ನಡೆಯುವುದು ದಾನಿಯ ಆಸ್ತಿಯ ಬಲದ ಮೇಲೆ. ಎಲ್ಲ ಊರಿಗೂ ಒಬ್ಬ ತೋಟದಪ್ಪ ಹುಟ್ಟುವುದಿಲ್ಲ. ಕೊಡುವ ಸಣ್ಣ ಬಾಡಿಗೆಯಲ್ಲೇ ಅಚ್ಚುಕಟ್ಟಾದ ಕೋಣೆ ಕೊಟ್ಟು, ತಾನೂ ಮುಳುಗದೆ ಉಳಿಯುವ ಉಪಾಯ ಇದೆಯೇ? ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಒಬ್ಬಾತ ಈ ಲೆಕ್ಕದ ಬೆನ್ನು ಹತ್ತಿದ್ದ.

ಎಲ್ಸ್‌ವರ್ತ್ ಸ್ಟಾಟ್ಲರ್ ಹುಡುಗನಾಗಿದ್ದಾಗಲೇ ಗಾಜಿನ ಕಾರ್ಖಾನೆಯ ಕುಲುಮೆಯ ಬಿಸಿಯಲ್ಲಿ ದುಡಿದವನು. ಹದಿಮೂರಕ್ಕೆ ಹೋಟೆಲಿನಲ್ಲಿ ಗಂಟುಮೂಟೆ ಹೊರುವ ಹುಡುಗನಾಗಿ ಸೇರಿದ. 1901ರಲ್ಲಿ ಬಫಲೋ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುವುದೆಂದು ಗೊತ್ತಾದಾಗ ಸಾಲ ಎತ್ತಿ ಎರಡು ಸಾವಿರಕ್ಕೂ ಹೆಚ್ಚು ಕೋಣೆಗಳ ತಾತ್ಕಾಲಿಕ ಹೋಟೆಲ್ ಎಬ್ಬಿಸಿದ. ಎಣಿಸಿದಷ್ಟು ಜನ ಬರಲಿಲ್ಲ. ಸಾಲದ್ದಕ್ಕೆ ಸೆಪ್ಟೆಂಬರ್ 6ರಂದು ಪ್ರದರ್ಶನದ ಅಂಗಳದಲ್ಲೇ ಅಮೆರಿಕದ ಅಧ್ಯಕ್ಷ ಮೆಕಿನ್ಲಿಗೆ ಗುಂಡು ಬಿತ್ತು. ಜಾತ್ರೆ ಸೂತಕದ ಮನೆಯಾಯಿತು. ಸಾವಿರಾರು ಹಾಸಿಗೆ ಖಾಲಿ ಬಿದ್ದವು, ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಂತರು.

ಸ್ಟಾಟ್ಲರ್ ಹೇಗೋ ತಲೆ ಉಳಿಸಿಕೊಂಡ. 1904ರಲ್ಲಿ ಸೇಂಟ್ ಲೂಯಿ ನಗರದ ಪ್ರದರ್ಶನದಲ್ಲಿ ಮತ್ತೆ ಅಂಥದೇ ಹೋಟೆಲ್ ಹೂಡಿದ. ಶುರುವಿನಲ್ಲೇ ಕಾಫಿಯ ದೊಡ್ಡ ಹಂಡೆ ಸಿಡಿದು ಕುದಿನೀರು ಮೈಮೇಲೆ ಬಿತ್ತು. ಮೈ ಸುಟ್ಟುಕೊಂಡು ಮಲಗಿದರೂ ವ್ಯವಹಾರ ಬಿಡಲಿಲ್ಲ. ಈ ಸಲ ಅದೃಷ್ಟ ಒಲಿಯಿತು. ಕೈಗೆ ಬಂದ ಲಾಭವನ್ನು ಹಿಡಿದು, ಸೋತಿದ್ದ ಬಫಲೋಗೇ ಮರಳಿದ.

ಆಗಿನ ಸಾಮಾನ್ಯ ಹೋಟೆಲುಗಳಲ್ಲಿ ಬಚ್ಚಲುಮನೆ ಇರುತ್ತಿದ್ದದ್ದು ಕಾರಿಡಾರಿನ ಕೊನೆಯಲ್ಲಿ. ಕೋಣೆಗೊಂದು ಬಚ್ಚಲು ಸಿರಿವಂತರ ಸೊತ್ತು, ಯಾಕೆಂದರೆ ಕೋಣೆಕೋಣೆಗೂ ಕೊಳವೆ ಎಳೆಯುವ ಖರ್ಚು ಅಷ್ಟಿಷ್ಟಲ್ಲ. ಸ್ಟಾಟ್ಲರ್ ನಕ್ಷೆಯನ್ನೇ ತಿರುಗಿಸಿ ಹಾಕಿದ. ಅಕ್ಕಪಕ್ಕದ ಎರಡು ಕೋಣೆಗಳ ಬಚ್ಚಲನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ. ಮೇಲಿನ ಮಹಡಿಯ ಬಚ್ಚಲು ಕೆಳಗಿನದರ ನೆತ್ತಿಗೇ ಸರಿಯಾಗಿ ಬರುವಂತೆ ಮಾಡಿದ. ನಡುವೆ ಬಾವಿಯಂಥ ಒಂದು ಉದ್ದನೆಯ ಪೊಳ್ಳು ಬಿಟ್ಟು, ಬಿಸಿನೀರು, ತಣ್ಣೀರು, ಕೊಳೆನೀರಿನ ಕೊಳವೆಗಳನ್ನೆಲ್ಲ ಅದರೊಳಗೆ ಇಳಿಬಿಟ್ಟ. ಒಂದೇ ಸಾಲು ಕೊಳವೆ, ಎರಡು ಪಕ್ಕದ ಕೋಣೆಗಳಿಗೆ, ಎಲ್ಲ ಮಹಡಿಗಳಿಗೆ. 1908ರಲ್ಲಿ ಹೋಟೆಲ್ ತೆರೆದಾಗ ಕೋಣೆ, ಅದಕ್ಕೆ ಸ್ವಂತ ಬಚ್ಚಲು, ಎರಡೂ ಸೇರಿ ಒಂದೂವರೆ ಡಾಲರ್ ಎಂದು ಸಾರಿದ. ಇಂದು ತುಮಕೂರಿನ ಲಾಡ್ಜಿನ ಬೋರ್ಡಿನಲ್ಲೂ ಕಾಣುವ ‘ಅಟ್ಯಾಚ್ಡ್ ಬಾತ್‌ರೂಮ್’ ಬಡವನ ಕೈಗೆಟುಕುವ ದಾರಿ ಹಿಡಿದದ್ದು ಹೀಗೆ.

ಒಂದೂವರೆ ಡಾಲರೂ ಇಲ್ಲದವರು ಉಳಿದೇ ಇದ್ದರು. ಅವರ ಪಾಲಿನ ಉತ್ತರ ಹೊಳೆದದ್ದು ಒಂದು ಗುಡುಗು ಮಳೆಯಲ್ಲಿ.

ರಿಚರ್ಡ್ ಶಿರ್ಮಾನ್ ಜರ್ಮನಿಯ ಆಲ್ಟೆನಾ ಎಂಬ ಊರಿನ ಶಾಲಾ ಮೇಷ್ಟರು. ಕಾರ್ಖಾನೆಯ ಹೊಗೆ ಕುಡಿದು ಬೆಳೆಯುವ ಮಕ್ಕಳು ಕಾಡು, ಹೊಳೆ ನೋಡಿ ಕಲಿಯಬೇಕೆಂದು ಅವರನ್ನು ನಡೆಸಿಕೊಂಡು ಊರೂರು ಸುತ್ತಿಸುವುದು ಅವರ ಹುಚ್ಚು. 1909ರ ಆಗಸ್ಟ್ 26ರಂದು ಬ್ರೋಲ್ ಕಣಿವೆಯಲ್ಲಿ ಹೋಗುತ್ತಿದ್ದಾಗ ಆಕಾಶ ಕಳಚಿ ಬಿದ್ದಂತೆ ಮಳೆ ಹಿಡಿಯಿತು. ಸಿಡಿಲಿನ ಕೆಳಗೆ ಮಕ್ಕಳು ತೊಯ್ದು ತೊಪ್ಪೆಯಾದರು. ಕೊನೆಗೆ ತೆರೆದದ್ದು ಹಳ್ಳಿಯ ಶಾಲೆಯ ಬಾಗಿಲು. ರಜೆಯ ಕಾಲವಾದ್ದರಿಂದ ತರಗತಿ ಖಾಲಿ ಇತ್ತು. ಬೆಂಚುಗಳನ್ನು ಗೋಡೆಗೆ ತಳ್ಳಿ, ರೈತ ಕೊಟ್ಟ ಹುಲ್ಲನ್ನು ನೆಲಕ್ಕೆ ಹರಡಿದರು. ಮಕ್ಕಳು ಸಾಲಾಗಿ ಉರುಳಿ ನಿದ್ದೆ ಹೋದರು.

ಮೇಷ್ಟರಿಗೆ ನಿದ್ದೆ ಹತ್ತಲಿಲ್ಲ. ಹೊರಗೆ ಗುಡುಗು, ಒಳಗೆ ಒಂದೇ ಯೋಚನೆ. ಹಳ್ಳಿಹಳ್ಳಿಯಲ್ಲೂ ಶಾಲೆ ಇದೆ. ರಜೆ ಬಂತೆಂದರೆ ಎಲ್ಲಕ್ಕೂ ಬೀಗ. ನಡೆದು ಸುತ್ತುವ ಮಕ್ಕಳು ಹೊರಡುವುದೂ ರಜೆಯಲ್ಲೇ. ಎರಡು ಕೋಣೆ ತೆರೆದು, ಹುಡುಗರಿಗೊಂದು, ಹುಡುಗಿಯರಿಗೊಂದು ಎಂದು ಹುಲ್ಲು ತುಂಬಿದ ಚೀಲ ಹಾಸಿದರೆ ಸಾಕಲ್ಲವೇ?

ಮರುವರ್ಷ ಅವರು ಈ ಯೋಚನೆಯನ್ನು ಬರೆದು ಪ್ರಕಟಿಸಿದರು. ಆಲ್ಟೆನಾದಲ್ಲಿ ತಮ್ಮದೇ ಶಾಲೆಯ ತರಗತಿಯನ್ನು ರಾತ್ರಿ ತಂಗುವ ಕೋಣೆ ಮಾಡಿದರು. 1912ರಲ್ಲಿ ಊರ ಮೇಲಿನ ಹಳೆಯ ಕೋಟೆಯೊಳಗೆ ಮೂರು ಅಂತಸ್ತಿನ ಮರದ ಮಂಚಗಳನ್ನಿಟ್ಟು ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆದರು. 1932ರ ಹೊತ್ತಿಗೆ ಅದು ಅಂತರರಾಷ್ಟ್ರೀಯ ಒಕ್ಕೂಟವಾಯಿತು. ನಾಜಿಗಳು ಬಂದ ಮೇಲೆ ಶಿರ್ಮಾನರ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡರು. ಯುದ್ಧ ಮುಗಿದ ಮೇಲೆ, ಎಪ್ಪತ್ತು ದಾಟಿದ ಮೇಷ್ಟರು ಮತ್ತೆ ಮೊದಲಿನಿಂದ ಕಟ್ಟಲು ಕೂತರು.

ಅತ್ತ ದಕ್ಷಿಣ ಅಮೆರಿಕದ ಮಹಾನಗರಗಳೂ ಇದೇ ಒಗಟನ್ನು ಬಿಡಿಸಿದ್ದವು, ಕಾರಣ ಮಾತ್ರ ಬೇರೆ. ಬ್ರೆಜಿಲಿನಲ್ಲಿ ಗುಲಾಮಗಿರಿ ಕೊನೆಯುಸಿರೆಳೆಯುತ್ತಿದ್ದಾಗ ಕಾಫಿ ತೋಟಗಳಿಗೆ ಆಳು ಬೇಕಾಗಿತ್ತು. ಅದಕ್ಕೆಂದೇ ಸಾವೋ ಪೌಲೋ ನಗರದ ಬ್ರಾಸ್ ಬಡಾವಣೆಯಲ್ಲಿ 1887ರಲ್ಲಿ ವಲಸಿಗರ ವಸತಿಗೃಹ ತೆರೆಯಿತು, ಅದೂ ರೈಲು ಹಳಿಯ ಮಗ್ಗುಲಲ್ಲೇ. ಸುಮಾರು ಇಪ್ಪತ್ತೈದು ಲಕ್ಷ ಜನ ಅದರ ಹಾಸಿಗೆಗಳ ಮೇಲೆ ಮಲಗಿ ಎದ್ದು ಹೋದರು. ಬ್ಯೂನಸ್ ಐರಿಸ್ ತನ್ನ ವಲಸಿಗರ ಹೋಟೆಲನ್ನು 1911ರಲ್ಲಿ ಬಂದರಿನ ದಡದಲ್ಲೇ ತೆರೆಯಿತು. ಹಡಗಿನಿಂದ ಇಳಿದವರಿಗೆ ಅಲ್ಲಿ ಐದು ದಿನ ಊಟ, ವಸತಿ ಪುಕ್ಕಟೆ.

ಗುಬ್ಬಿಯ ವ್ಯಾಪಾರಿ, ಅಮೆರಿಕದ ಹೋಟೆಲಿನವನು, ಜರ್ಮನಿಯ ಮೇಷ್ಟರು, ಮೂವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಸೇರಿಸಿ ನೋಡಿದರೆ ಮೂವರೂ ಹಿಡಿದದ್ದು ಒಂದೇ ಗುಟ್ಟಿನ ಮೂರು ತುದಿ. ಒಂದು ರಾತ್ರಿಯ ಬೆಲೆ ಇರುವುದು ಹಾಸಿಗೆಯಲ್ಲಲ್ಲ. ಜಾಗದಲ್ಲಿ, ನೀರಿನಲ್ಲಿ, ಖಾಲಿ ಬಿದ್ದ ಹೊತ್ತಿನಲ್ಲಿ. ಇಳಿಯುವ ಕಡೆಯೇ ತಂಗುವ ಜಾಗ ಸಿಕ್ಕರೆ ಗಾಡಿಯ ಖರ್ಚು ಉಳಿಯುತ್ತದೆ. ಕೊಳವೆ ಹಂಚಿಕೊಂಡರೆ ಕಟ್ಟುವ ಖರ್ಚು ಇಳಿಯುತ್ತದೆ. ಖಾಲಿ ಇರುವ ಕಾಲ ನೋಡಿ ಹೋದರೆ ಬಾಡಿಗೆಯೇ ಇಳಿಯುತ್ತದೆ, ಯಾಕೆಂದರೆ ಉಳಿದ ಹಾಲು ಮೊಸರಾದೀತು, ಮಾರಾಟವಾಗದೆ ಉಳಿದ ರಾತ್ರಿ ಏನೂ ಆಗದು. ಸಾವೋ ಪೌಲೋದಲ್ಲಾಗಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಾಗಲಿ ಅಗ್ಗದ ಕೋಣೆ ಹುಡುಕುವವರ ಲೆಕ್ಕ ಇಂದಿಗೂ ಇಷ್ಟೇ. ಶಿರ್ಮಾನರ ಉಪಾಯವಂತೂ ಈ ಸೀಮೆಗೆ ಹೊಸದಲ್ಲ. ಚುನಾವಣೆ ಕೆಲಸಕ್ಕೆ ಬಂದ ಸಿಬ್ಬಂದಿ ಮತದಾನದ ಹಿಂದಿನ ರಾತ್ರಿ ಮಲಗುವುದು ಊರ ಶಾಲೆಯ ನೆಲದ ಮೇಲೆಯೇ.

ಧರ್ಮಾಂಬುಧಿ ಕೆರೆ ಬತ್ತಿ ಅದರ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗುವ ರೈಲು ಹಳಿಯ ಕೆಲಸ ಹಲವು ವರ್ಷಗಳಿಂದ ನಡೆದೇ ಇದೆ. ಹಾಗಾಗಿ ಆ ಊರುಗಳ ಜನ ಬೆಂಗಳೂರಿನಲ್ಲಿ ಇಳಿಯುವುದು ಬಸ್ಸಿನಿಂದ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಛತ್ರ ಇದೆ. ಅದರ ಮುಂದಿನ ರಸ್ತೆಯ ಹೆಸರು ಗುಬ್ಬಿ ತೋಟದಪ್ಪ ರಸ್ತೆ.