ಉಸಿರು ಉಸುರುವ ಗುಟ್ಟು

ಪವಿತ್ರ ವಾರದ ತೈಲಾಶೀರ್ವಾದದ ಬಲಿಪೂಜೆಯಲ್ಲಿ ಧರ್ಮಾಧ್ಯಕ್ಷರು ಕ್ರಿಸ್ಮಾ ತೈಲದ ಪಾತ್ರೆಯ ಮೇಲೆ ಬಾಗಿ ಮೆಲ್ಲನೆ ಉಸಿರೂದುವುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಮಣ್ಣಿನ ಮಾನವನು ದೇವರ ಉಸಿರಿನಿಂದ ಜೀವಂತನಾದನೆಂದು ಆದಿಕಾಂಡವು ತಿಳಿಸುತ್ತದೆ. ಪುನರುತ್ಥಾನರಾದ ಯೇಸುಸ್ವಾಮಿಯೂ ಶಿಷ್ಯರ ಮೇಲೆ ಉಸಿರೂದಿಯೇ ಪವಿತ್ರಾತ್ಮರನ್ನು ದಯಪಾಲಿಸಿದರು. ನಮ್ಮ ಕನ್ನಡದಲ್ಲಂತೂ ಉಸಿರೆಂದರೆ ಪ್ರಾಣ. 'ಉಸುರು' ಎಂದರೆ ಮೆಲ್ಲನೆ ಹೇಳು ಎಂದೂ ಅರ್ಥ. ಈ ಎರಡನೆಯ ಅರ್ಥವನ್ನು ಇಂದಿನ ವಿಜ್ಞಾನವು ಅಕ್ಷರಶಃ ನಿಜವಾಗಿಸುತ್ತಿದೆ.

ರೋಗಿಯ ಉಸಿರಿನ ವಾಸನೆಯಿಂದ ಕಾಯಿಲೆಯನ್ನು ಊಹಿಸುವುದು ವೈದ್ಯರಿಗೆ ಹೊಸದೇನಲ್ಲ. ಸಕ್ಕರೆ ಕಾಯಿಲೆ ವಿಷಮಿಸಿದಾಗ ಉಸಿರಿಗೆ ಮಾಗಿದ ಹಣ್ಣಿನ ವಾಸನೆ ಬರುತ್ತದೆ. ಅದಕ್ಕೆ ಅಸಿಟೋನ್ ಎಂಬ ವಸ್ತು ಕಾರಣ. ಆದರೆ ಮೂಗಿಗೆ ನಿಲುಕುವುದು ಅತ್ಯಲ್ಪ. 1971ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಮಾನವನ ಉಸಿರಿನಲ್ಲಿ ಸುಮಾರು 250 ವಸ್ತುಗಳಿರುವುದನ್ನು ತೋರಿಸಿದರು.

ಇವುಗಳನ್ನು ಲೇಸರ್ ಬೆಳಕು ಗುರುತಿಸುವ ಬಗೆ ಸರಳವಾಗಿದೆ. ಪ್ರತಿಯೊಂದು ಬಗೆಯ ಅಣುವೂ ತನಗೆ ಒಗ್ಗುವ ಬಣ್ಣದ ಬೆಳಕನ್ನು ಮಾತ್ರ ಹೀರಿಕೊಳ್ಳುತ್ತದೆ. ಎದುರುಬದುರಾಗಿ ನಿಂತ ಎರಡು ಕನ್ನಡಿಗಳ ನಡುವೆ ಉಸಿರನ್ನು ತುಂಬಿ ಬೆಳಕನ್ನು ಹಾಯಿಸಿದರೆ, ಅದು ಸಾವಿರಾರು ಸಲ ಹೋಗಿ ಬಂದು ಕಿಲೋಮೀಟರುಗಟ್ಟಲೆ ಚಲಿಸುತ್ತದೆ. ದೇವಾಲಯದ ಗಂಟೆಯ ನಾದವು ತಾನಾಗಿ ಅಡಗಲು ಸ್ವಲ್ಪ ಹೊತ್ತು ಬೇಕು. ಗಂಟೆಗೆ ಬಟ್ಟೆ ತಗುಲಿದರೆ ನಾದ ಬೇಗನೆ ನಿಲ್ಲುತ್ತದೆ. ಹಾಗೆಯೇ ಕನ್ನಡಿಗಳ ನಡುವಿನ ಬೆಳಕು ಎಷ್ಟು ಬೇಗ ಕುಂದಿತೆಂಬುದರಿಂದ ಅಣುಗಳ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ.

ಒಂದೇ ಸಲಕ್ಕೆ ಸಾವಿರಾರು ಬಣ್ಣಗಳನ್ನು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಹೊಮ್ಮಿಸುವ ಲೇಸರ್ ತಂತ್ರಕ್ಕಾಗಿ ಜರ್ಮನಿಯ ಥಿಯೋಡೋರ್ ಹೆನ್ಶ್ ಮತ್ತು ಅಮೆರಿಕದ ಜಾನ್ ಹಾಲ್ 2005ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಹೆನ್ಶ್ ಅವರು ಜಗದ್ಗುರು ಪೋಪರ ವಿಜ್ಞಾನ ಅಕಾಡೆಮಿಯ ಸದಸ್ಯರೂ ಹೌದು. ಅಮೆರಿಕದ ಕೊಲೊರಾಡೊದಲ್ಲಿ ಜುನ್ ಯೇ ಅವರ ತಂಡವು 2008ರಲ್ಲಿ ಈ ಬೆಳಕಿನ ಬಾಚಣಿಗೆಯಿಂದ ಉಸಿರನ್ನು ಪರೀಕ್ಷಿಸಿತು. 2023ರಲ್ಲಿ 170 ಜನರ ಉಸಿರಿನಲ್ಲಿ ಕೋವಿಡ್ ಸೋಂಕಿನ ಗುರುತನ್ನು ಹುಡುಕಿದ ವರದಿಯನ್ನು ಪ್ರಕಟಿಸಿತು. ನಮ್ಮ ದೇಶದಲ್ಲಿಯೂ ಕೋಲ್ಕತ್ತದ ಎಸ್. ಎನ್. ಬೋಸ್ ಕೇಂದ್ರದ ವಿಜ್ಞಾನಿಗಳು ಜಠರದ ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯವನ್ನು ಉಸಿರಿನ ಮೂಲಕ ಪತ್ತೆಹಚ್ಚುವ ಲೇಸರ್ ಉಪಕರಣವನ್ನು ರೂಪಿಸಿದ್ದಾರೆ.

ಇಂತಹ ಉಪಕರಣಗಳನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯುವಷ್ಟು ಕಿರಿದಾಗಿಸುವ ಪ್ರಯತ್ನ ಸಾಗಿದೆ. ಇದು ಸಣ್ಣ ಮಾತಲ್ಲ. ಆಸ್ತಮಾದ ಮಗುವನ್ನು ನೆನೆಯೋಣ. ಆರೋಗ್ಯವಂತ ವಯಸ್ಕರ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಸಾಮಾನ್ಯವಾಗಿ ನೂರು ಕೋಟಿಗೆ 25 ಭಾಗಕ್ಕಿಂತ ಕಡಿಮೆ; ಮಕ್ಕಳಲ್ಲಿ ಇನ್ನೂ ಕಡಿಮೆ. ಶ್ವಾಸನಾಳದಲ್ಲಿ ಉರಿಯೂತವಿದ್ದರೆ ಅದು ಏರುತ್ತದೆ, ಔಷಧಿ ಹಿಡಿದರೆ ಇಳಿಯುತ್ತದೆ. ಸೂಜಿಯ ಭಯವಿಲ್ಲದೆ, ರಕ್ತ ತೆಗೆಯದೆ, ಒಂದು ಉಸಿರಿನಿಂದ ಇದನ್ನು ಅಳೆಯಬಹುದು. ಹಾಸಿಗೆ ಹಿಡಿದ ವೃದ್ಧರಿಗೂ ದೂರದ ಹಳ್ಳಿಯವರಿಗೂ ಇಂತಹ ಪರೀಕ್ಷೆ ಮನೆಬಾಗಿಲಿಗೆ ಬಂದರೆ ಎಂತಹ ಉಪಕಾರ!

ಆದರೂ ನಾವು ಎರಡು ವಿಷಯಗಳನ್ನು ಮರೆಯಲಾಗದು. ಮೊದಲನೆಯದಾಗಿ, ಅಳತೆಯೇ ತೀರ್ಪಲ್ಲ. ತಿಂದ ಆಹಾರ, ಸೇದಿದ ಹೊಗೆ, ಉಪವಾಸ, ಇವೆಲ್ಲವೂ ಉಸಿರನ್ನು ಬದಲಿಸುತ್ತವೆ. ಯಂತ್ರದ ಅಂಕಿಯನ್ನು ನೋಡಿ ಭಯಪಡುವುದಾಗಲಿ, ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸುವುದಾಗಲಿ ವಿವೇಕವಲ್ಲ.

ಎರಡನೆಯದು ಇನ್ನೂ ಗಹನವಾದುದು. ನಾಲಿಗೆ ಮುಚ್ಚಿಡಬಹುದಾದುದನ್ನು ಉಸಿರು ಮುಚ್ಚಿಡಲಾರದು. ಪಾಪನಿವೇದನೆಯಲ್ಲಿ ಮನುಷ್ಯನು ತಾನಾಗಿ ಬಾಯಿ ತೆರೆಯುತ್ತಾನೆ. ಕೇಳಿದ ಗುರುವು ಯಾವ ಕಾರಣಕ್ಕೂ ಅದನ್ನು ಹೊರಗೆಡಹುವಂತಿಲ್ಲ. ಯಂತ್ರದ ಮುಂದೆ ಉಸಿರು ಬಿಡುವವನಾದರೋ ತಾನು ಏನನ್ನು ಹೇಳುತ್ತಿದ್ದೇನೆಂಬುದನ್ನೇ ಅರಿಯನು. ಆ ಮಾತು ಯಾರ ಸ್ವತ್ತು? ಕೆಲಸ ಕೊಡುವವನಿಗೆ, ವಿಮಾ ಕಂಪನಿಗೆ, ಮದುವೆಯ ಮಾತುಕತೆಗೆ ಬಂದ ಬೀಗರಿಗೆ ಅದು ತಲುಪಿದರೆ ಆತನ ಗತಿಯೇನು? ಕ್ಷಯ, ಕುಷ್ಠ ಎಂಬ ಹೆಸರು ಕೇಳಿದೊಡನೆ ಬಾಗಿಲು ಮುಚ್ಚಿದ ಮನೆಗಳನ್ನು ಕಂಡಿರುವ ನಮಗೆ ಈ ಪ್ರಶ್ನೆ ಕೇವಲ ತತ್ವಶಾಸ್ತ್ರದ್ದಲ್ಲ.

ಆದುದರಿಂದ ವೈದ್ಯರೂ ದಾದಿಯರೂ ಆಗಿ ಸೇವೆ ಸಲ್ಲಿಸುತ್ತಿರುವ ನಮ್ಮ ಮಕ್ಕಳಲ್ಲಿ ಒಂದು ವಿನಂತಿ: ರೋಗಿಯ ಉಸಿರಿನಿಂದ ತಿಳಿದುದನ್ನು ನಿವೇದನೆಯ ಗುಟ್ಟಿನಷ್ಟೇ ಭಕ್ತಿಯಿಂದ ಕಾಪಾಡಿರಿ. ಮನೆಯವರಾದ ನಾವು, ಯಂತ್ರವು ತನ್ನ ಕೆಲಸ ಮುಗಿಸಿದ ಮೇಲೂ, ಉಬ್ಬಸದಿಂದ ಬಳಲುವವರ ಪಕ್ಕದಲ್ಲಿ ಕುಳಿತು ಅವರ ಕೈಹಿಡಿದಿರೋಣ. ಉಸಿರನ್ನಿತ್ತ ದೇವರು ಉಸಿರಾಡಲು ಕಷ್ಟಪಡುವ ಎಲ್ಲರನ್ನೂ ಸಂತೈಸಲಿ.