ಜಾಣ ಮಕ್ಕಳ ಕಾಲೇಜು ಖರ್ಚು: ತೋಟ ಅಡವಿಡುವ ಮುನ್ನ ಯೋಚಿಸಿರಿ

ದ್ವಿತೀಯ ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲೆ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಕೆಲವರು ಸಿಹಿ ಸುದ್ದಿಯ ಬೆನ್ನಿಗೇ ಚಿಂತೆಯನ್ನೂ ಹೊತ್ತು ತರುತ್ತಾರೆ. ಮಗಳು ನೂರಕ್ಕೆ ತೊಂಬತ್ತೈದು ಅಂಕ ತೆಗೆದಿದ್ದಾಳೆ, ಸೀಟೂ ಸಿಗುವ ಹಾಗಿದೆ. ಆದರೆ ಶುಲ್ಕ, ಹಾಸ್ಟೆಲು, ಪುಸ್ತಕ ಎಂದು ಲೆಕ್ಕ ಹಾಕಿದರೆ ಎರಡೆಕರೆ ತೋಟದ ಆದಾಯ ಸಾಲದು. ಆಗ ಎರಡೇ ದಾರಿ ಕಾಣುತ್ತವೆ. ಒಂದು, ತೋಟದ ಮೇಲೆ ಸಾಲ. ಇನ್ನೊಂದು, “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದು ಮಗುವಿಗೆ ಬುದ್ಧಿ ಹೇಳಿ ಹತ್ತಿರದಲ್ಲಿ ಸಿಕ್ಕಿದ ಯಾವುದೋ ಕೋರ್ಸಿಗೆ ಸೇರಿಸುವುದು. ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಅದನ್ನು ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬೆಳೆಗಾರರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನಮ್ಮ ನೆಲದ ಉದಾಹರಣೆ

ಪರರ ನೆರವಿನಿಂದ ಓದುವುದು ಅವಮಾನವೆಂದು ಭಾವಿಸುವ ಹಿರಿಯರು ಇನ್ನೂ ನಮ್ಮಲ್ಲಿದ್ದಾರೆ. ಮಾಗಡಿ ತಾಲ್ಲೂಕಿನ ವೀರಾಪುರದ ರೈತ ಕುಟುಂಬದಲ್ಲಿ 1907ರಲ್ಲಿ ಹುಟ್ಟಿದ ಬಾಲಕನೊಬ್ಬ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಆಶ್ರಯ ಕೊಟ್ಟದ್ದು ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆಯ ಉಚಿತ ವಿದ್ಯಾರ್ಥಿ ನಿಲಯ. ವ್ಯಾಪಾರದಿಂದ ಗಳಿಸಿದ ಹಣವನ್ನು ತೋಟದಪ್ಪನವರು ಛತ್ರಕ್ಕೂ ವಿದ್ಯಾರ್ಥಿಗಳಿಗೂ ಮುಡಿಪಾಗಿಟ್ಟಿದ್ದರು. ರೈಲು ನಿಲ್ದಾಣದ ಬಳಿಯ ಅವರ ಛತ್ರ 1903ರಲ್ಲಿ ಆರಂಭವಾಯಿತು. ಆ ವಿದ್ಯಾರ್ಥಿಯೇ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾದರು. 2019ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಉಂಡು ಓದುತ್ತಿದ್ದರು. ಒಬ್ಬ ವಿದ್ಯಾರ್ಥಿಗೆ ಇಟ್ಟ ಅನ್ನ ಎಷ್ಟು ಪಟ್ಟು ಬೆಳೆಯಿತೆಂಬುದನ್ನು ಬೆಳೆಗಾರರಿಗೆ ನಾವು ವಿವರಿಸಬೇಕಾಗಿಲ್ಲ.

ಎಂಟನೆಯ ತರಗತಿಯಲ್ಲೇ ಬೀಜ

ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷ ಬೇಕು. ಎಂಟನೆಯ ತರಗತಿಯಿಂದ ಕಾಲೇಜಿನ ಬಾಗಿಲಿಗೂ ಸುಮಾರು ಅಷ್ಟೇ ದೂರ. ಆದ್ದರಿಂದ ಫಲಿತಾಂಶ ಬಂದ ಮೇಲೆ ವಿದ್ಯಾರ್ಥಿವೇತನ ಹುಡುಕುವುದೆಂದರೆ ಬೇಸಿಗೆ ಬಂದ ಮೇಲೆ ಬಾವಿ ತೋಡಿದಂತೆ.

ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೆಯ ತರಗತಿ ಓದುವ ಮಕ್ಕಳಿಗೆ ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಪರೀಕ್ಷೆ ಇದೆ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000 ರೂಪಾಯಿ ದೊರೆಯುತ್ತದೆ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕಾದ್ದರಿಂದ ತಂದೆ ತಾಯಿಗಳು ಮುಖ್ಯೋಪಾಧ್ಯಾಯರನ್ನು ಒಮ್ಮೆ ಕಂಡು ವಿಚಾರಿಸುವುದು ಒಳ್ಳೆಯದು.

ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆದು, ಕುಟುಂಬದ ಆದಾಯ 2 ಲಕ್ಷದೊಳಗಿರುವ ಮಕ್ಕಳಿಗೆ ಸರೋಜಿನಿ ದಾಮೋದರನ್ ಫೌಂಡೇಶನ್ನಿನ ‘ವಿದ್ಯಾಧನ್’ ಇದೆ. ಪರೀಕ್ಷೆ, ಸಂದರ್ಶನಗಳ ಮೂಲಕ ಆಯ್ಕೆ. ಪದವಿಪೂರ್ವದಲ್ಲಿ ಚೆನ್ನಾಗಿ ಓದಿದವರಿಗೆ ಪದವಿಯಲ್ಲಿಯೂ ನೆರವು ಮುಂದುವರಿಯುವುದು ಇದರ ವಿಶೇಷ. ಬೇಗನೆ ಕಸುಬು ಹಿಡಿಯಬೇಕೆನ್ನುವವರಿಗೆ ನಮ್ಮ ಬಿಡದಿಯಲ್ಲೇ 2007ರಲ್ಲಿ ಸ್ಥಾಪನೆಯಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಇದ್ದು, ಆಯ್ಕೆಯಾದ ಗ್ರಾಮೀಣ ಮಕ್ಕಳಿಗೆ ವಸತಿ ಸಹಿತ ತರಬೇತಿ ನೀಡುತ್ತದೆ.

ಕಾಲೇಜಿನ ಹೊಸ್ತಿಲಲ್ಲಿ

ದ್ವಿತೀಯ ಪಿಯುಸಿಯಲ್ಲಿ ಮೊದಲ ಇಪ್ಪತ್ತು ಶೇಕಡಾ ವಿದ್ಯಾರ್ಥಿಗಳೊಳಗೆ ನಿಲ್ಲುವವರಿಗೆ, ಆದಾಯ 4.5 ಲಕ್ಷದೊಳಗಿದ್ದರೆ, ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಅವಕಾಶವುಂಟು. ಪದವಿಯ ಮೊದಲ ಮೂರು ವರ್ಷ 12,000 ರೂಪಾಯಿಯಂತೆ, ಸ್ನಾತಕೋತ್ತರದಲ್ಲಿ 20,000 ರೂಪಾಯಿಯಂತೆ ಕೊಡುತ್ತಾರೆ. ಆದರೆ ಬೇರೆ ವಿದ್ಯಾರ್ಥಿವೇತನ ಅಥವಾ ಶುಲ್ಕ ವಿನಾಯಿತಿ ಪಡೆಯುತ್ತಿರುವವರಿಗೆ ಇದು ಸಿಗದು. ಆದ್ದರಿಂದ ಮೊದಲು ಕಂಡದ್ದಕ್ಕೆ ಕೈಹಾಕದೆ ಯಾವುದು ದೊಡ್ಡದೆಂದು ತೂಗಿ ನೋಡಬೇಕು.

ಸರ್ಕಾರಿ ಪ್ರೌಢಶಾಲೆ ಮತ್ತು ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿಯ ನೆರವು ನೀಡುತ್ತಿದೆ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಮನೆಗಳಿಗೆ ಇದು ದೊಡ್ಡ ಆಸರೆ.

ರೈತರ ಮಕ್ಕಳೆಂಬ ಕಾರಣಕ್ಕೇ ದೊರೆಯುವ ನೆರವು ‘ರೈತ ವಿದ್ಯಾನಿಧಿ’. 2021ರಲ್ಲಿ ರಾಜ್ಯ ಸರ್ಕಾರ ಇದನ್ನು ಆರಂಭಿಸಿದಾಗ ಗೊತ್ತುಮಾಡಿದ ದರ ಹೀಗಿತ್ತು: ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000, ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500, ಕಾನೂನು, ನರ್ಸಿಂಗ್ ಮೊದಲಾದವಕ್ಕೆ 7,500 ಮತ್ತು 8,000, ವೈದ್ಯಕೀಯ, ಇಂಜಿನಿಯರಿಂಗ್ ಹಾಗೂ ಸ್ನಾತಕೋತ್ತರಕ್ಕೆ 10,000 ಮತ್ತು 11,000 ರೂಪಾಯಿ. ಇದಕ್ಕೆ ಪಹಣಿದಾರರ ಎಫ್‌ಐಡಿ ಸಂಖ್ಯೆ ಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದು ಪೌತಿ ಖಾತೆ ಆಗದಿದ್ದರೆ ತೊಡಕಾಗುತ್ತದೆ. ಅದನ್ನು ಮೊದಲೇ ಸರಿಮಾಡಿಸಿಕೊಳ್ಳಿ. ಈ ಸಾಲಿನ ದರ, ಗಡುವುಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಪರಿಶಿಷ್ಟ ಜಾತಿ, ಪಂಗಡಗಳ ಮಕ್ಕಳು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರೆ ಪ್ರೋತ್ಸಾಹ ಧನವಿದೆ. ಹಿಂದುಳಿದ ವರ್ಗದ ಮಕ್ಕಳಿಗೆ ಶುಲ್ಕ ವಿನಾಯಿತಿಯೂ, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗಾಗಿ ‘ವಿದ್ಯಾಸಿರಿ’ಯೂ ಇವೆ. ನಮ್ಮ ತೋಟಗಳಲ್ಲಿ ದುಡಿಯುವ ಕುಟುಂಬಗಳ ಮಕ್ಕಳಿಗೂ ಇವನ್ನು ತಿಳಿಸುವುದು ಮಾಲೀಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಅರ್ಜಿಯ ಒಂದು ಸಾಲಿನ ಬೆಲೆ

ದೊಡ್ಡ ನೆರವು ಹಲವು ಸಲ ವಿದ್ಯಾರ್ಥಿವೇತನದ ರೂಪದಲ್ಲಿ ಬರುವುದಿಲ್ಲ, ಸೀಟಿನ ರೂಪದಲ್ಲಿ ಬರುತ್ತದೆ. ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಬಂದು, ಕುಟುಂಬದ ಆದಾಯ 8 ಲಕ್ಷಕ್ಕಿಂತ ಕಡಿಮೆಯಿದ್ದರೆ ಇಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಸೀಟು ಸಿಗಬಹುದು. ಅದರಲ್ಲಿ ಬೋಧನಾ ಶುಲ್ಕ ಮನ್ನಾ. ಆದರೆ ಅರ್ಜಿ ತುಂಬುವಾಗಲೇ ಆದಾಯ ಪತ್ರದ ಸಂಖ್ಯೆ ನಮೂದಿಸಿರಬೇಕು.

ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ ಇವೆ. ಕೃಷಿ, ತೋಟಗಾರಿಕೆ, ರೇಷ್ಮೆ ಮುಂತಾದ ಪದವಿಗಳಿಗೆ ಕೃಷಿಕರ ಕೋಟಾ ಬೇರೆ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆಗಳನ್ನು ಕಣ್ಣಾರೆ ಕಂಡು ಬೆಳೆದ ಮಕ್ಕಳಿಗೆ ಇದು ಭಾರವಲ್ಲ. ರಜೆಯಲ್ಲಿ ಮಕ್ಕಳನ್ನು ತೋಟಕ್ಕೆ ಕರೆದೊಯ್ಯುವುದೂ ಒಂದು ಪಾಠವೇ.

ಐಐಟಿಗಳ ಹೆಸರು ಕೇಳಿ ಹೆದರಬೇಕಾಗಿಲ್ಲ. ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮನ್ನಾ, 1ರಿಂದ 5 ಲಕ್ಷದವರೆಗೆ ಮೂರನೇ ಎರಡು ಭಾಗ ಮನ್ನಾ. ಹೆಸರಾದ ಸಂಸ್ಥೆಯೇ ಎಷ್ಟೋ ಬಾರಿ ಪಕ್ಕದೂರಿನ ಖಾಸಗಿ ಕಾಲೇಜಿಗಿಂತ ಅಗ್ಗವಾಗುತ್ತದೆ.

ಕಾಗದಪತ್ರ ಕೆಡಿಸುವ ಕೆಲಸ

ಅರ್ಹತೆಯಿದ್ದೂ ಹಣ ಬಾರದಿರಲು ಸಾಮಾನ್ಯ ಕಾರಣಗಳು ನಾಲ್ಕು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಜಾತಿ-ಆದಾಯ ಪತ್ರದ ಅವಧಿ ಮುಗಿದಿರುವುದು. ಎರಡನೆಯ ವರ್ಷ ನವೀಕರಣ ಮರೆಯುವುದು. ಮೊದಲ ಮೂರನ್ನು ನಾಡಕಚೇರಿ, ಬ್ಯಾಂಕು, ಶಾಲೆಗಳಲ್ಲಿ ಪರೀಕ್ಷೆಗೆ ಮೊದಲೇ ಸರಿಪಡಿಸಬಹುದು. ರಾಜ್ಯ ಸರ್ಕಾರದ ಹೆಚ್ಚಿನ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಅರ್ಜಿಯ ಪ್ರತಿಯನ್ನು ತಪ್ಪದೆ ತೆಗೆದಿಡಿ. ವಿದ್ಯಾರ್ಥಿವೇತನ ಕೊಡಿಸುತ್ತೇವೆಂದು ಮುಂಗಡ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಸಾಲ ಅನಿವಾರ್ಯವಾದರೆ

ಇಷ್ಟಾಗಿಯೂ ಕೊರತೆ ಬಿದ್ದರೆ ತೋಟದ ಪತ್ರ ಕೊನೆಯ ಮಾತಾಗಿರಲಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪಿಎಂ ವಿದ್ಯಾಲಕ್ಷ್ಮಿ’ ಯೋಜನೆಯಲ್ಲಿ, ಗುರುತಿಸಿದ ಉತ್ತಮ ಸಂಸ್ಥೆಗಳಿಗೆ ಸೇರುವವರಿಗೆ ಜಾಮೀನು, ಅಡಮಾನಗಳಿಲ್ಲದೆ ಸಾಲ ದೊರೆಯುತ್ತದೆ. ಆದಾಯ 8 ಲಕ್ಷದವರೆಗೆ ಇದ್ದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ, ಓದುವ ಅವಧಿಯಲ್ಲಿ ಬಡ್ಡಿಯ ಮೇಲೆ ಶೇಕಡಾ 3 ರಿಯಾಯಿತಿಯೂ ಉಂಟು. ಆದ್ದರಿಂದ ಸೇರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಸೀಟು ಆಯ್ಕೆ ಮಾಡುವ ಮೊದಲೇ ನೋಡಿಕೊಳ್ಳಬೇಕು. ಮ್ಯಾನೇಜ್‌ಮೆಂಟ್ ಸೀಟಿಗಾಗಿ ಖಾಸಗಿ ಲೇವಾದೇವಿಯವರ ಬಾಗಿಲಿಗೆ ಹೋದರೆ ಮಗುವಿನ ಪದವಿ ಮುಗಿಯುವ ಮೊದಲೇ ತೋಟ ಕೈಬಿಟ್ಟೀತು.

ಸದಸ್ಯರು ಈ ಪತ್ರಿಕೆಯನ್ನು ಓದಿ ಮಡಿಸಿಡದೆ, ಮನೆಯಲ್ಲಿ ಎಂಟನೆಯ ತರಗತಿ ದಾಟಿದ ಮಕ್ಕಳ ಕೈಗೆ ಕೊಡಲೆಂದು ಕೋರುತ್ತೇವೆ. ಈ ವಾರವೇ ಮಗುವಿನ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರನ್ನೂ ಒಟ್ಟಿಗಿಟ್ಟು ಹೆಸರಿನ ಅಕ್ಷರಗಳನ್ನು ತಾಳೆ ನೋಡಿರಿ. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.